ಟಿಎಸ್‌ಎಚ್ ಜಾಸ್ತಿ ಎಂದರೆ ಥೈರಾಯ್ಡ್ ಕಡಿಮೆ

(ಸಿಂಧನೂರಿನಲ್ಲಿ ಕಾಲೇಜು ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಆಶಾ ಕಾರ್ಯಕರ್ತೆಯರ ಎದುರು ವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮ ಕೈಗೆ ಒಂದು ಲ್ಯಾಬ್ ರಿಪೋರ್ಟ್ ಕೊಟ್ಟೆ ಅಂದುಕೊಳ್ಳಿ. ಟಿಎಸ್‌ಎಚ್ ಎಂದು ಬರೆದು ಮುಂದೆ 38 ಎಂದಿದೆ. ಇರಬೇಕಾದದ್ದು 0.4ರಿಂದ 4ರ ಆಸುಪಾಸು ಎಂದು ಪಕ್ಕದಲ್ಲೇ ಅಚ್ಚಾಗಿದೆ. ಈಗ ಹೇಳಿ, ಈ ರಿಪೋರ್ಟಿನವರಿಗೆ ಥೈರಾಯ್ಡ್ ಜಾಸ್ತಿಯೋ, ಕಡಿಮೆಯೋ?

ಮುಂದಿನ ಸಾಲಿನಿಂದ "ಜಾಸ್ತಿ" ಎಂದು ಬಂತು. ಹಿಂದಿನವರೂ ಅದನ್ನೇ ಅಂದರು. ಮೆಡಿಕಲ್ ಶಾಪಿನ ಮುಂದೆ ನಿಂತವರದ್ದೂ, ಮದುವೆ ಮನೆಯ ಪಂಕ್ತಿಯಲ್ಲಿ ಕೂತವರದ್ದೂ ಇದೇ ಉತ್ತರ: "ನಮ್ಮ ಮನಿಯಾಕಿಗೆ ಥೈರಾಯ್ಡ್ ಭಾಳ ಜಾಸ್ತಿ ಆಗೈತ್ರಿ, ಮೂವತ್ತೆಂಟು ಬಂದೈತಿ." ಆದರೆ ಆಕೆಯ ಮೈಯಲ್ಲಿ ಥೈರಾಯ್ಡ್ ಹಾರ್ಮೋನು ಕಡಿಮೆಯಾಗಿದೆ, ಅದೂ ಸಾಕಷ್ಟು ಕಡಿಮೆಯಾಗಿದೆ. ಈ ಒಂದು ಗೊಂದಲ ಬಿಡಿಸಿಕೊಂಡರೆ ನಿರ್ನಾಳ ಗ್ರಂಥಿಗಳ, ಅಂದರೆ ನಾಳವಿಲ್ಲದೆ ನೇರ ರಕ್ತಕ್ಕೇ ಹಾರ್ಮೋನು ಸುರಿಸುವ ಗ್ರಂಥಿಗಳ, ಅರ್ಧ ಪಾಠ ಮುಗಿದ ಹಾಗೆ. ಅದಕ್ಕೇ ಗ್ರಂಥಿಗಳ ಪಟ್ಟಿಯಿಂದ ಶುರು ಮಾಡದೆ ಇಲ್ಲಿಂದಲೇ ಶುರು ಮಾಡುತ್ತಿದ್ದೇನೆ. ಪಟ್ಟಿ ಹೇಗೂ ನಿಮ್ಮ ಪಿಯುಸಿ ಪುಸ್ತಕದಲ್ಲಿದೆ.

ನಾವೆಲ್ಲ ತುಂಗಭದ್ರಾ ಎಡದಂಡೆ ಕಾಲುವೆಯ ಜನ. ಗೇಜ್, ಅಂದರೆ ಕಾಲುವೆ ನೀರಿನ ಮಟ್ಟದ ಅಳತೆ, ಇಲ್ಲಿ ಯಾರಿಗೂ ವಿವರಿಸಬೇಕಾಗಿಲ್ಲ. ಭತ್ತಕ್ಕೆ ನೀರು ಬೇಕಾದ ಹೊತ್ತಿನಲ್ಲಿ ಕೆಳಭಾಗದ ಗೇಜ್ ಇಳಿಯಿತು ಅಂದುಕೊಳ್ಳಿ. ಟೇಲ್ ಎಂಡ್, ಅಂದರೆ ಕಾಲುವೆ ತುದಿಯ ರೈತರು ಏನು ಮಾಡುತ್ತಾರೆ? ಮೇಲಿನವರಿಗೆ ಫೋನ್ ಹಚ್ಚುತ್ತಾರೆ. ನೀರು ಇನ್ನೂ ಇಳಿದರೆ ಫೋನು ಇನ್ನೂ ಹೆಚ್ಚುತ್ತವೆ. ನೀರು ಬಂತು ಎಂದರೆ ಫೋನು ನಿಲ್ಲುತ್ತವೆ. ಟಿಎಸ್‌ಎಚ್ ಎಂದರೆ ಕಾಲುವೆಯ ನೀರಲ್ಲ, ನೀರಿಗಾಗಿ ಮಾಡಿದ ಫೋನು. ಮೂವತ್ತೆಂಟು ಫೋನು ಹೋಗಿವೆ ಎಂದರೆ ಹೊಲಕ್ಕೆ ನೀರಿಲ್ಲ ಎಂದರ್ಥ. ನಿಜವಾದ ನೀರು ಯಾವುದು? ಥೈರಾಯ್ಡ್ ಗ್ರಂಥಿ ಸುರಿಸುವ ಟಿ4 ಮತ್ತು ಟಿ3. ಫೋನು ಮಾಡುವುದು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ. ಅದು ರಕ್ತದಲ್ಲಿ ಟಿ4 ಎಷ್ಟಿದೆ ಎಂದು ಸದಾ ನೋಡುತ್ತಿರುತ್ತದೆ. ಟಿ4 ಸ್ವಲ್ಪ ಇಳಿದರೂ ಟಿಎಸ್‌ಎಚ್ ಹಲವು ಪಟ್ಟು ಏರುತ್ತದೆ. ಅದಕ್ಕೇ ಡಾಕ್ಟರು ಮೊದಲು ಅದನ್ನೇ ಬರೆದುಕೊಡುತ್ತಾರೆ.

ರಕ್ತದ ಮೂಲಕ ಹೀಗೆ ಸುದ್ದಿ ಹೋಗುತ್ತದೆ ಎಂದು ಜನರಿಗೆ ಗೊತ್ತಾದದ್ದು ಹೇಗೆ ಎಂಬುದು ಒಳ್ಳೆಯ ಕಥೆ. 1849ರಲ್ಲಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಬರ್ಥೋಲ್ಡ್ ಎಂಬ ವಿಜ್ಞಾನಿ ಆರು ಎಳೆಯ ಹುಂಜಗಳನ್ನು ತೆಗೆದುಕೊಂಡ. ಎರಡರ ವೃಷಣಗಳನ್ನು ಪೂರ್ತಿ ತೆಗೆದ. ಅವು ಬೆಳೆದವು, ಕೊಬ್ಬಿದವು, ಆದರೆ ಜುಟ್ಟು ಕೆಂಪಾಗಲಿಲ್ಲ, ಕೂಗಲಿಲ್ಲ, ಕಾದಾಡಲಿಲ್ಲ, ಹೇಟೆಗಳ ಕಡೆ ತಿರುಗಿ ನೋಡಲಿಲ್ಲ. ಉಳಿದವುಗಳ ವೃಷಣಗಳನ್ನೂ ಕತ್ತರಿಸಿದ, ಆದರೆ ಒಂದೊಂದನ್ನು ಹೊಟ್ಟೆಯೊಳಗೇ ಸಡಿಲ ಬಿಟ್ಟು ಹೊಲಿದ. ಕೆಲವಕ್ಕೆ ಅದರದ್ದೇ ವೃಷಣ, ಕೆಲವಕ್ಕೆ ಪಕ್ಕದ ಹುಂಜದ್ದು. ಅವೆಲ್ಲ ಪಕ್ಕಾ ಹುಂಜಗಳಾಗಿಯೇ ಬೆಳೆದವು. ಬೆಳಗಿನ ಜಾವ ಕೂಗಿದವು, ಜಗಳ ತೆಗೆದವು. ಹೊಟ್ಟೆ ಬಿಚ್ಚಿ ನೋಡಿದರೆ ಒಳಗೆ ಬಿಟ್ಟ ವೃಷಣ ಕರುಳಿಗೆ ಅಂಟಿಕೊಂಡು ಹೊಸ ರಕ್ತನಾಳ ಬೆಳೆಸಿಕೊಂಡಿತ್ತು. ನರದ ಸಂಪರ್ಕ ಮಾತ್ರ ಇರಲಿಲ್ಲ. ಹಾಗಾದರೆ ಹೊಟ್ಟೆಯಲ್ಲಿದ್ದದ್ದು ತಲೆಯ ಮೇಲಿನ ಜುಟ್ಟಿಗೆ "ಕೆಂಪಾಗು" ಎಂದು ಹೇಗೆ ಹೇಳಿತು? ರಕ್ತದಲ್ಲಿ ಏನೋ ಹೋಗಿರಬೇಕು. ಬರ್ಥೋಲ್ಡ್ ಅಷ್ಟು ಬರೆದು ಸುಮ್ಮನಾದ. ಅವನ ಕಾಲದವರೂ ಸುಮ್ಮನಾದರು.

ಅರ್ಧ ಶತಮಾನ ಕಳೆದ ಮೇಲೆ, 1902ರ ಜನವರಿಯಲ್ಲಿ, ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬಿಬ್ಬರು ನಾಯಿಯೊಂದರ ಸಣ್ಣ ಕರುಳಿನ ತುಂಡಿಗೆ ಬರುವ ನರಗಳನ್ನೆಲ್ಲ ಕತ್ತರಿಸಿ ಅದರೊಳಗೆ ಆಮ್ಲ ಹಾಕಿದರು. ಆದರೂ ಮೇದೋಜ್ಜೀರಕ ಗ್ರಂಥಿ ರಸ ಸುರಿಸಿತು. ನರವಿಲ್ಲದೆ ಸುದ್ದಿ ಹೋಯಿತು! ಕರುಳಿನ ಒಳಪದರ ಕೆರೆದು, ಆಮ್ಲದ ಜತೆ ಮರಳು ಹಾಕಿ ಅರೆದು, ಸೋಸಿ ರಕ್ತನಾಳಕ್ಕೆ ಚುಚ್ಚಿದರು. ಮತ್ತೆ ರಸ ಬಂತು. ಆ ವಸ್ತುವಿಗೆ ಸೆಕ್ರೆಟಿನ್ ಎಂದು ಹೆಸರಿಟ್ಟರು. ಮೂರು ವರ್ಷದ ನಂತರ ಇಂಥ ವಸ್ತುಗಳಿಗೆಲ್ಲ ಹಾರ್ಮೋನು ಎಂಬ ಹೆಸರನ್ನು ಸ್ಟಾರ್ಲಿಂಗ್ ಬಳಕೆಗೆ ತಂದ. ಅಂದರೆ ಹಾರ್ಮೋನು ಎಂಬ ಹೆಸರಿಗೆ ದಾರಿ ಮಾಡಿದ್ದು ಕರುಳಿನದು. ಪರೀಕ್ಷೆಯಲ್ಲಿ ನಿರ್ನಾಳ ಗ್ರಂಥಿಗಳನ್ನು ಹೆಸರಿಸಿ ಎಂದರೆ ಕರುಳನ್ನು ಯಾರೂ ಬರೆಯುವುದಿಲ್ಲ, ಅದು ಬೇರೆ ಮಾತು. ಈಗ ಲೆಕ್ಕ ಇನ್ನೂ ಬೆಳೆದಿದೆ. ಹೃದಯ, ಮೂತ್ರಪಿಂಡ, ಕೊನೆಗೆ ಹೊಟ್ಟೆಯ ಕೊಬ್ಬು ಕೂಡ ಹಾರ್ಮೋನು ಸುರಿಸುತ್ತದೆ. ಕೊಬ್ಬಿನಿಂದ ಬರುವ ಲೆಪ್ಟಿನ್ ಗೊತ್ತಾದದ್ದು 1994ರಲ್ಲಿ, ಈಚಿನ ಸಂಗತಿ.

ಈಗ ಥೈರಾಯ್ಡಿಗೆ ಬರೋಣ. ಗಂಟಲ ಗುಬ್ಬಿಯ ಕೆಳಗೆ, ಶ್ವಾಸನಾಳವನ್ನು ತಬ್ಬಿಕೊಂಡು ಕೂತಿರುವ ಇಪ್ಪತ್ತು ಗ್ರಾಮಿನ ಗ್ರಂಥಿ. ಇದಕ್ಕೆ ಬೇಕಾದ ಕಚ್ಚಾ ಸರಕು ಅಯೋಡಿನ್. ಟಿ4ರಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣು, ಟಿ3ರಲ್ಲಿ ಮೂರು. ಹೆಸರೇ ಅಲ್ಲಿಂದ ಬಂದದ್ದು. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಒಂದು ಗ್ರಾಮಿನ ಹತ್ತು ಸಾವಿರ ಪಾಲಿನಲ್ಲಿ ಒಂದೂವರೆ ಪಾಲು. ಅಷ್ಟೂ ಸಿಗದಿದ್ದರೆ ಪಿಟ್ಯುಟರಿ ಫೋನು ಮಾಡಿ ಮಾಡಿ ಗ್ರಂಥಿಯನ್ನು ಉಬ್ಬಿಸುತ್ತದೆ. ಅದೇ ಗಳಗಂಡ. ಹಿಮಾಲಯದ ತಪ್ಪಲಲ್ಲಿ ಊರಿಗೆ ಊರೇ ಗಳಗಂಡ ಹೊತ್ತು ಓಡಾಡುತ್ತಿತ್ತು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಅವರ ಜತೆಗಾರರು ಕಾಂಗ್ರಾ ಕಣಿವೆಯನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಬರೀ ಉಪ್ಪು ಕೊಟ್ಟು ವರ್ಷಗಟ್ಟಲೆ ನೋಡಿದರು. ಅಯೋಡಿನ್ ಸಿಕ್ಕ ಕಡೆ ಗಳಗಂಡ ಇಳಿಯಿತು. 1962ರ ರಾಷ್ಟ್ರೀಯ ಗಳಗಂಡ ನಿಯಂತ್ರಣ ಕಾರ್ಯಕ್ರಮದ ಹಿಂದೆ ಈ ಕೆಲಸವಿದೆ. ನಿಮ್ಮ ಅಡುಗೆ ಮನೆಯ ಉಪ್ಪಿನ ಪಾಕೀಟಿನ ಮೇಲಿನ ನಗುವ ಸೂರ್ಯನ ಚಿತ್ರದ ಹಿಂದೆಯೂ ಇದೆ. ಹರಳುಪ್ಪು ತರುವವರು ಪಾಕೀಟು ತಿರುಗಿಸಿ ಅಯೋಡಿನ್ ಇದೆಯೋ ಇಲ್ಲವೋ ನೋಡಿ ತನ್ನಿ. ತಂದದ್ದನ್ನು ಮುಚ್ಚಿದ ಡಬ್ಬಿಯಲ್ಲಿ ಇಡಿ, ಒಲೆ ಪಕ್ಕ ಬಾಯಿ ತೆರೆದು ಇಡಬೇಡಿ.

ಆಶಾ ಕಾರ್ಯಕರ್ತೆಯರು ಇದ್ದೀರಿ, ಒಂದು ಮಾತು. ಹುಟ್ಟುವಾಗಲೇ ಥೈರಾಯ್ಡ್ ಕೆಲಸ ಮಾಡದ ಕೂಸುಗಳು ಇರುತ್ತವೆ. ನೋಡಿದರೆ ಏನೂ ಗೊತ್ತಾಗುವುದಿಲ್ಲ. "ಭಾಳ ಶಾಣ್ಯಾ ಕೂಸು, ಅಳಂಗೇ ಇಲ್ಲ, ಮಕ್ಕೊಂಡೇ ಇರ್ತೈತಿ" ಎಂದು ಮನೆಯವರು ಹೆಮ್ಮೆಯಿಂದ ಹೇಳುತ್ತಾರೆ. ಕಾಮಣಿ ಬೇಗ ಇಳಿಯುವುದಿಲ್ಲ, ಮಲ ಗಟ್ಟಿ, ಹೊಕ್ಕಳು ಉಬ್ಬು. ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೆದು ಟಿಎಸ್‌ಎಚ್ ನೋಡಿದರೆ ತಿಳಿಯುತ್ತದೆ. ಹುಟ್ಟಿದ ದಿನವೇ ತೆಗೆದರೆ ಎಲ್ಲ ಕೂಸುಗಳಲ್ಲೂ ಟಿಎಸ್‌ಎಚ್ ಏರಿಯೇ ಇರುತ್ತದೆ, ಅದಕ್ಕೆ ಎರಡು ದಿನ ಬಿಟ್ಟು ತೆಗೆಯುತ್ತಾರೆ. ಮೊದಲ ಎರಡು ವಾರದೊಳಗೆ ಮಾತ್ರೆ ಶುರುವಾದರೆ ಕೂಸಿನ ಬುದ್ಧಿ ಉಳಿಯುತ್ತದೆ. ಆರು ತಿಂಗಳ ಮೇಲೆ ಕೊಟ್ಟರೆ ಮೈ ಬೆಳೆಯುತ್ತದೆ, ಹೋದ ಬುದ್ಧಿ ವಾಪಸ್ ಬರುವುದಿಲ್ಲ. ಅಷ್ಟು ಅಗ್ಗದ ಮಾತ್ರೆಗೆ ಇಷ್ಟು ದೊಡ್ಡ ಫಲ ಇರುವ ಇನ್ನೊಂದು ಚಿಕಿತ್ಸೆಯನ್ನು ನಾನಂತೂ ಕಂಡಿಲ್ಲ.

ಈಗ ಪಿಟ್ಯುಟರಿ. ಅರ್ಧ ಗ್ರಾಂ ತೂಕ. ಎರಡು ಕಣ್ಣಿನ ನಡುವೆ ನೇರ ಒಳಗೆ ಹೋದರೆ, ಬುರುಡೆಯ ತಳದ ಮೂಳೆಯ ಗುಳಿಯಲ್ಲಿ ಕೂತಿದೆ. ಮುಂಭಾಗದಿಂದ ಆರು ಮುಖ್ಯ ಹಾರ್ಮೋನು: ಬೆಳವಣಿಗೆಯದು, ಹಾಲಿನದು, ಥೈರಾಯ್ಡಿಗೆ ಟಿಎಸ್‌ಎಚ್, ಮೂತ್ರಪಿಂಡದ ಮೇಲೆ ಕೂತ ಅಡ್ರಿನಲ್‌ಗೆ ಎಸಿಟಿಎಚ್, ಅಂಡಾಶಯ ಮತ್ತು ವೃಷಣಗಳಿಗೆ ಎಲ್‌ಎಚ್ ಹಾಗೂ ಎಫ್‌ಎಸ್‌ಎಚ್. ಹಿಂಭಾಗದಿಂದ ಎರಡು: ಮೂತ್ರ ತಡೆಯುವ ಎಡಿಎಚ್, ಹೆರಿಗೆ ನೋವು ಬರಿಸುವ ಮತ್ತು ಎದೆಹಾಲು ಇಳಿಸುವ ಆಕ್ಸಿಟೋಸಿನ್. ಪುಸ್ತಕಗಳಲ್ಲಿ ಇದನ್ನು ಗ್ರಂಥಿಗಳ ಯಜಮಾನ ಎಂದು ಬರೆಯುತ್ತಾರೆ. ಆದರೆ ಯಜಮಾನನಿಗೂ ಮೇಲೊಬ್ಬ ಇದ್ದಾನೆ, ಮಿದುಳಿನ ಭಾಗವೇ ಆದ ಹೈಪೋಥಲಾಮಸ್. ಹಾಗೆ ನೋಡಿದರೆ ಎಲ್ಲರ ಮೇಲೂ ರಕ್ತದೊಳಗಿನ ಅಳತೆಯೇ ಯಜಮಾನ. ಅಳತೆ ಹೇಳಿದಂತೆ ಇವರು ಕುಣಿಯುತ್ತಾರೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಈಗ ಹೇಳುವುದು ನಮ್ಮ ಭಾಗದ ಹೆಣ್ಣುಮಕ್ಕಳ ಕಥೆ.

ನಲವತ್ತರ ಆಸುಪಾಸಿನ ಒಬ್ಬಾಕೆಯನ್ನು ಗಂಡ ಕರೆದುಕೊಂಡು ಬಂದಿದ್ದ. ಮುಖ ಬಿಳಿಚಿಕೊಂಡಿದೆ, ಚರ್ಮ ಒಣಗಿದೆ, ಹುಬ್ಬಿನ ಕೂದಲು ಉದುರಿದೆ. ಮಾತು ನಿಧಾನ. ಏಪ್ರಿಲ್ ತಿಂಗಳ ಬಿಸಿಲಲ್ಲಿ ಕೌದಿ ಹೊದ್ದು ಕೂತಿದ್ದಾಳೆ. ಬಿಪಿ ತೊಂಬತ್ತರ ಕೆಳಗೆ. "ಏನೂ ಕೆಲಸ ಮಾಡಂಗಿಲ್ರಿ, ಬರೇ ಮಕ್ಕೋತಾಳ" ಎಂದ ಗಂಡ. ಅತ್ತೆಯ ದೂರೂ ಅದೇ. ರಕ್ತ ಕಡಿಮೆ ಎಂದು ಊರೂರಿನಲ್ಲಿ ಸಲೈನ್ ಹಾಕಿಸಿದ್ದಾರೆ. ಸಲೈನ್ ಹಾಕಿದ ಎರಡು ದಿನ ಎದ್ದು ಓಡಾಡುತ್ತಾಳೆ, ಮತ್ತೆ ಹಾಸಿಗೆ. ಟಿಎಸ್‌ಎಚ್ ಮಾಡಿಸಿದ್ದಾರೆ, 2.1 ಬಂದಿದೆ. "ಥೈರಾಯ್ಡ್ ನಾರ್ಮಲ್" ಎಂದು ಬರೆದು ಕಳಿಸಿದ್ದಾರೆ.

ಇಂಥವರನ್ನು ಕೇಳಬೇಕಾದ ಪ್ರಶ್ನೆ ಒಂದೇ. "ಕಡೀ ಹೆರಿಗಿ ಹೆಂಗಾತವ್ವಾ?" ಆಕೆ ಸುಮ್ಮನಿದ್ದಳು. ಜತೆ ಬಂದ ತಾಯಿ ಹೇಳಿದಳು: ಮನೆಯಲ್ಲೇ ಹೆರಿಗೆ, ಕಸ (ಮಾಸು) ಬೀಳಲಿಲ್ಲ, ಹಾಸಿದ್ದೆಲ್ಲ ತೊಯ್ದು ಹೋಗುವಷ್ಟು ರಕ್ತ ಹೋಯಿತು, ಎಚ್ಚರ ತಪ್ಪಿತು, ಬದುಕಿದ್ದೇ ಹೆಚ್ಚು. "ಕೂಸಿಗೆ ಹಾಲು ಬಂತಾ?" ಒಂದು ಹನಿಯೂ ಬರಲಿಲ್ಲ. "ಆಮ್ಯಾಲೆ ಮುಟ್ಟು?" ಆಗಲೇ ಇಲ್ಲ. ವಯಸ್ಸಿಗೆ ಮುಂಚೆ ನಿಂತಿತು ಅಂದುಕೊಂಡರು.

ಆದದ್ದು ಇಷ್ಟು. ಬಸುರಿಯಲ್ಲಿ ಪಿಟ್ಯುಟರಿ ದಪ್ಪವಾಗುತ್ತದೆ, ಹಾಲಿನ ತಯಾರಿಗಾಗಿ. ಅದರ ಮುಂಭಾಗಕ್ಕೆ ರಕ್ತ ಬರುವುದು ಬಹಳ ಕಡಿಮೆ ಒತ್ತಡದ ನಾಳಗಳಲ್ಲಿ. ಹೆರಿಗೆಯಲ್ಲಿ ವಿಪರೀತ ರಕ್ತ ಹೋಗಿ ಬಿಪಿ ಕುಸಿದರೆ ಆ ಭಾಗ ರಕ್ತವಿಲ್ಲದೆ ಸತ್ತು ಹೋಗುತ್ತದೆ. ಹಾಲಿನ ಹಾರ್ಮೋನಿಲ್ಲ, ಅದಕ್ಕೆ ಹಾಲು ಬರಲಿಲ್ಲ. ಎಲ್‌ಎಚ್, ಎಫ್‌ಎಸ್‌ಎಚ್ ಇಲ್ಲ, ಅದಕ್ಕೆ ಮುಟ್ಟಾಗಲಿಲ್ಲ. ಎಸಿಟಿಎಚ್ ಇಲ್ಲ, ಅದಕ್ಕೆ ಬಿಪಿ ಏರಲಿಲ್ಲ. ಟಿಎಸ್‌ಎಚ್? ಕಾಲುವೆ ಒಣಗಿದೆ, ಆದರೆ ಫೋನಿನ ಲೈನೇ ಕಡಿದು ಹೋಗಿದೆ. ಇಲ್ಲಿ ಟಿಎಸ್‌ಎಚ್ ಏರುವುದೇ ಇಲ್ಲ. ನಾರ್ಮಲ್ ಎಂದೇ ಬರಬಹುದು. ಟಿ4 ಮಾಡಿಸಿದರೆ ತಳ ಮುಟ್ಟಿರುತ್ತದೆ. 1937ರಲ್ಲಿ ಇದನ್ನು ವಿವರವಾಗಿ ಬರೆದ ಶೀಹನ್ ಎಂಬ ಇಂಗ್ಲಿಷ್ ವೈದ್ಯರ ಹೆಸರಿನಿಂದಲೇ ಈ ರೋಗವನ್ನು ಕರೆಯುತ್ತಾರೆ. ಹೆರಿಗೆಯೆಲ್ಲ ಆಸ್ಪತ್ರೆಯಲ್ಲಿ ಆಗಿ, ರಕ್ತ ಬೇಗ ಸಿಗುವ ದೇಶಗಳಲ್ಲಿ ಇದು ಅಪರೂಪವಾಗಿದೆ. ನಮ್ಮಲ್ಲಿ ಈಗಲೂ ಸಿಗುತ್ತದೆ, ಅದೂ ಹೆರಿಗೆಯಾಗಿ ಎಷ್ಟೋ ವರ್ಷವಾದ ಮೇಲೆ. ಅಷ್ಟೂ ವರ್ಷ ಆ ಹೆಣ್ಣುಮಗಳು ಮೈಗಳ್ಳಿ ಎನಿಸಿಕೊಂಡಿರುತ್ತಾಳೆ.

ಚಿಕಿತ್ಸೆಯಲ್ಲಿ ಒಂದು ಕಟ್ಟುನಿಟ್ಟಿನ ಕ್ರಮವಿದೆ. ಮೊದಲು ಅಡ್ರಿನಲ್ ಹಾರ್ಮೋನು, ಅಂದರೆ ಸ್ಟೀರಾಯ್ಡ್ ಮಾತ್ರೆ ಕೊಡಬೇಕು. ಆಮೇಲೆ ಥೈರಾಯ್ಡ್ ಮಾತ್ರೆ. ತಿರುಗು ಮುರುಗು ಮಾಡಿದರೆ ಥೈರಾಯ್ಡ್ ಮಾತ್ರೆ ಮೈಯ ಕೆಲಸವನ್ನೆಲ್ಲ ಚುರುಕು ಮಾಡಿ, ಅಡ್ರಿನಲ್‌ನಿಂದ ಬರುವ ಇದ್ದಬದ್ದ ಕಾರ್ಟಿಸಾಲ್ ಹಾರ್ಮೋನನ್ನೂ ಮುಗಿಸಿ, ರೋಗಿ ಕುಸಿದು ಬೀಳಬಹುದು. ಆಕೆಗೆ ಸ್ಟೀರಾಯ್ಡ್ ಶುರುವಾದ ಮೇಲೆ ಮುಂದಿನ ಸಲ ಬಂದಾಗ ಕೌದಿ ಇರಲಿಲ್ಲ. ಬಾಗಿಲಲ್ಲೇ ನಿಂತು "ಸರ, ನಿನ್ನಿ ನಾನ ರೊಟ್ಟಿ ಬಡದೆ" ಎಂದಳು. ಆಶಾ ಅಕ್ಕಂದಿರೇ, ನಿಮ್ಮ ಊರಿನ ಲೆಕ್ಕದ ಪುಸ್ತಕದಲ್ಲಿ ಹೆರಿಗೆಯಲ್ಲಿ ವಿಪರೀತ ರಕ್ತ ಹೋದವರು ಯಾರಿದ್ದಾರೋ ಅವರಿಗೆ ಹಾಲು ಬಂತಾ, ಮುಟ್ಟು ಬಂತಾ ಎಂದು ಎರಡು ಮಾತು ಕೇಳಿ. ಯಾವ ಯಂತ್ರವೂ ಬೇಡ.

ಸ್ಟೀರಾಯ್ಡ್ ಎಂದೆ, ಅಡ್ರಿನಲ್‌ಗೆ ಹೋಗೋಣ. ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದು, ತಲಾ ನಾಲ್ಕೈದು ಗ್ರಾಂ. ಒಳಭಾಗದಿಂದ ಅಡ್ರಿನಲಿನ್, ನಾಯಿ ಅಟ್ಟಿಸಿಕೊಂಡು ಬಂದಾಗ ಎದೆ ಡವಡವ ಎನ್ನುವುದು ಅದರಿಂದ. ಅದನ್ನು ಎಲ್ಲರೂ ಹೇಳುತ್ತಾರೆ, ಬಿಡಿ. ಹೊರಭಾಗ ಇಲ್ಲದೆ ಮನುಷ್ಯ ಬದುಕುವುದೇ ಇಲ್ಲ. ಅಲ್ಲಿಂದ ಮುಖ್ಯವಾಗಿ ಎರಡು: ಉಪ್ಪು ಕಾಯುವ ಆಲ್ಡೋಸ್ಟಿರಾನ್, ಮೈಯನ್ನು ಎತ್ತಿ ನಿಲ್ಲಿಸುವ ಕಾರ್ಟಿಸಾಲ್.

ಆಲ್ಡೋಸ್ಟಿರಾನ್ ನಮ್ಮ ಬಿಸಿಲಿಗೆ ಬೇಕೇಬೇಕಾದ ಹಾರ್ಮೋನು. ಎರಡನೇ ಬೆಳೆಯ ಭತ್ತ ಕೊಯ್ಯುವ ಕಾಲಕ್ಕೆ ಹೊಸದಾಗಿ ಹೊಲಕ್ಕೆ ಇಳಿದವನ ಅಂಗಿ ನೋಡಿ, ಬೆನ್ನ ಮೇಲೆ ಬಿಳಿ ಉಪ್ಪಿನ ಪಟ್ಟೆ ಬಿದ್ದಿರುತ್ತದೆ. ಹತ್ತು ಹನ್ನೆರಡು ದಿನ ದುಡಿದ ಮೇಲೆ ಆ ಪಟ್ಟೆ ತಿಳಿಯಾಗುತ್ತದೆ. ಬೆವರು ಕಡಿಮೆಯಾಗಿಲ್ಲ, ಹೆಚ್ಚೇ ಆಗಿದೆ. ಆದರೆ ಆಲ್ಡೋಸ್ಟಿರಾನ್ ಬೆವರಿನ ಗ್ರಂಥಿಗೂ ಹೇಳಿ ಉಪ್ಪನ್ನು ವಾಪಸ್ ಎಳೆಸಿಕೊಂಡಿದೆ. ಜತೆಗೆ ಪಿಟ್ಯುಟರಿಯ ಎಡಿಎಚ್ ನೀರು ಕಾಯುತ್ತದೆ. ರಕ್ತ ನೂರಕ್ಕೆ ಒಂದೆರಡು ಪಾಲು ಗಟ್ಟಿಯಾದರೂ ಅದು ಏಳುತ್ತದೆ. ಮೂತ್ರ ಹಳದಿಯಾಗಿ ಕಡಿಮೆಯಾಗುತ್ತದೆ. ಬಿಸಿಲಿಗೆ ತಂಪು ಎಂದು ಬಿಯರ್ ಕುಡಿಯುವವರು ಇದೊಂದು ತಿಳಿದುಕೊಳ್ಳಿ: ಮದ್ಯ ಎಡಿಎಚ್ಚನ್ನು ತಡೆಯುತ್ತದೆ. ಬಾಟಲಿಯಲ್ಲಿ ಒಳಗೆ ಹೋದದ್ದು ಗೋಡೆ ಪಕ್ಕ ಹೊರಗೆ ಹೋಗುತ್ತದೆ, ತನ್ನ ಜತೆ ಇನ್ನಷ್ಟು ಕರೆದುಕೊಂಡು. ಮಜ್ಜಿಗೆಗೆ ಉಪ್ಪು ಹಾಕಿ ಕುಡಿಯುವ ನಿಮ್ಮ ಅಜ್ಜಿಯ ಲೆಕ್ಕವೇ ಸರಿ.

ಕಾರ್ಟಿಸಾಲ್ ಬೆಳಿಗ್ಗೆ ಏಳೆಂಟು ಗಂಟೆಗೆ ಏರಿರುತ್ತದೆ, ನಡುರಾತ್ರಿ ತಳಕ್ಕೆ ಇಳಿಯುತ್ತದೆ. ಅದಕ್ಕೇ ಅದರ ಪರೀಕ್ಷೆಗೆ ರಕ್ತವನ್ನು ಬೆಳಿಗ್ಗೆ ಕೊಡಿ ಎನ್ನುತ್ತಾರೆ. 1948ರಲ್ಲಿ ಅಮೆರಿಕದಲ್ಲಿ ಹೆಂಚ್ ಎಂಬ ವೈದ್ಯರು ಕೀಲುವಾತದಿಂದ ಹಾಸಿಗೆ ಹಿಡಿದಿದ್ದ ಹೆಣ್ಣುಮಗಳಿಗೆ ಇದೇ ಜಾತಿಯ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಕ್ಕೆ ಆಕೆ ಎದ್ದು ನಡೆದಳು. 1950ರಲ್ಲಿ ಅವರಿಗೂ, ಅಡ್ರಿನಲ್ ಹಾರ್ಮೋನುಗಳ ಮೇಲೆ ಕೆಲಸ ಮಾಡಿದ ಕೆಂಡಾಲ್, ರೈಕ್‌ಸ್ಟೈನ್ ಅವರಿಗೂ ನೊಬೆಲ್ ಬಂತು. ಔಷಧ ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ದಮ್ಮು, ಕೆಲವು ಬಗೆಯ ಮೂತ್ರಪಿಂಡದ ರೋಗ, ಎಷ್ಟೋ ಕಡೆ ಜೀವ ಉಳಿಸುತ್ತದೆ.

ತೊಂದರೆ ಇರುವುದು ಚೀಟಿ ಇಲ್ಲದೆ ಸಿಗುವ ಪುಡಿಯಲ್ಲಿ. ಮೊಣಕಾಲು ನೋವಿಗೆ ಎಂದು ಸಂತೆಯಲ್ಲಿ ಪೊಟ್ಟಣ ಕಟ್ಟಿ ಕೊಡುತ್ತಾರಲ್ಲ, "ಗಿಡಮೂಲಿಕೆ, ಏನೂ ಆಗಂಗಿಲ್ಲ" ಎನ್ನುತ್ತಾರಲ್ಲ, ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಅರೆದು ಬೆರೆಸಿರುತ್ತಾರೆ. ಪುಡಿ ತಿಂದ ಮರುದಿನವೇ ನೋವು ಮಾಯ, ಹಸಿವು ಜೋರು, ಮೈ ತುಂಬಿಕೊಳ್ಳುತ್ತದೆ. ಬರಬರುತ್ತಾ ಮುಖ ಗುಂಡಗಾಗುತ್ತದೆ, ಹೊಟ್ಟೆ ಬೆಳೆದು ಕೈಕಾಲು ಕಡ್ಡಿಯಾಗುತ್ತವೆ, ಹೊಟ್ಟೆಯ ಮೇಲೆ ನೇರಳೆ ಬಣ್ಣದ ಗೆರೆ, ಮುಟ್ಟಿದರೆ ಚರ್ಮದಡಿ ರಕ್ತ. ಶುಗರ್ ಬರುತ್ತದೆ, ಮೂಳೆ ಟೊಳ್ಳಾಗುತ್ತದೆ. ಇದೆಲ್ಲ ಕಣ್ಣಿಗೆ ಕಾಣುವುದು. ಕಾಣದ್ದು ಇನ್ನೂ ಕೆಟ್ಟದ್ದು. ಹೊರಗಿನಿಂದ ಇಷ್ಟು ಬರುತ್ತಿರುವಾಗ ಪಿಟ್ಯುಟರಿ ಎಸಿಟಿಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ಕೇಳುವವರಿಲ್ಲದ ಅಡ್ರಿನಲ್ ಕುಗ್ಗಿ ಮಲಗುತ್ತದೆ. ಮೂರು ನಾಲ್ಕು ವಾರಕ್ಕೂ ಮೀರಿ ದೊಡ್ಡ ಪ್ರಮಾಣದಲ್ಲಿ ತಿಂದರೆ ಹೀಗಾಗಬಹುದು. ಆಗ ಮಗ ಬಂದು "ಆ ಪುಡಿ ಬ್ಯಾಡ ಬಿಡಬೇ" ಎಂದು ಪೊಟ್ಟಣ ಎಸೆದ ಅಂದುಕೊಳ್ಳಿ. ಎರಡು ಮೂರು ದಿನಕ್ಕೆ ವಾಂತಿ, ನಿತ್ರಾಣ, ಬಿಪಿ ಇಳಿತ, ಒಂದು ಜ್ವರ ಬಂದರೂ ಐಸಿಯು. ಮಗನ ಮಾತು ಸರಿಯೇ, ಆದರೆ ಎಸೆದ ರೀತಿ ಸರಿಯಲ್ಲ. ಪುಡಿ ನಿಲ್ಲಿಸುವ ಮುಂಚೆ ಪೊಟ್ಟಣ ಸಮೇತ ಆಸ್ಪತ್ರೆಗೆ ಬನ್ನಿ. ಅಳತೆ ಗೊತ್ತಿರುವ ಮಾತ್ರೆಗೆ ಬದಲಿಸಿ, ಹಂತ ಹಂತವಾಗಿ ಇಳಿಸಿ, ಮಲಗಿದ ಗ್ರಂಥಿಯನ್ನು ಎಬ್ಬಿಸಬೇಕಾಗುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ. ಮುಖ ಬೆಳ್ಳಗಾಗಲಿ ಎಂದು ಹಚ್ಚುವ ಕೆಲವು ಕ್ರೀಮುಗಳಲ್ಲೂ ಸ್ಟೀರಾಯ್ಡ್ ಇರುತ್ತದೆ. ಹುಡುಗಿಯರು ಟ್ಯೂಬಿನ ಮೇಲೆ "ಬೀಟಾಮೆಥಸೋನ್", "ಮೊಮೆಟಸೋನ್", "ಕ್ಲೊಬೆಟಸಾಲ್" ಎಂದಿದೆಯೇ ಓದಿ ನೋಡಿ.

ಪಿಟ್ಯುಟರಿಯ ಮಾತು ಕೇಳದ ಗ್ರಂಥಿಗಳೂ ಇವೆ. ಅವು ರಕ್ತವನ್ನು ನೇರವಾಗಿ ತಾವೇ ಅಳೆಯುತ್ತವೆ. ಅದರಲ್ಲೊಂದು ಪ್ಯಾರಾಥೈರಾಯ್ಡ್. ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡ ನಾಲ್ಕು ಸಣ್ಣ ಗ್ರಂಥಿಗಳು, ಒಂದೊಂದೂ ಐದಾರು ಮಿಲಿಮೀಟರ್ ಉದ್ದ. ಇವನ್ನು ಮೊದಲು ಕಂಡದ್ದು ಮನುಷ್ಯನಲ್ಲಲ್ಲ. ಲಂಡನ್ನಿನ ಮೃಗಾಲಯದಲ್ಲಿ ಸತ್ತ ಭಾರತದ ಘೇಂಡಾಮೃಗವೊಂದನ್ನು ರಿಚರ್ಡ್ ಓವೆನ್ ಎಂಬ ಪ್ರಾಣಿಶಾಸ್ತ್ರಜ್ಞ ಕೊಯ್ದು ನೋಡಿದಾಗ ಕಂಡವು. ಅಷ್ಟು ದೊಡ್ಡ ಪ್ರಾಣಿಯಲ್ಲಿ ಕಂಡದ್ದು ಮನುಷ್ಯನಲ್ಲಿ ಪತ್ತೆಯಾಗಿ ಅಚ್ಚಾದದ್ದು 1880ರಲ್ಲಿ, ಸ್ವೀಡನ್ನಿನ ಸ್ಯಾಂಡ್‌ಸ್ಟ್ರಾಮ್ ಎಂಬ ಯುವಕನಿಂದ. ಇವುಗಳ ಕೆಲಸ ರಕ್ತದ ಕ್ಯಾಲ್ಸಿಯಂ ಕಾಯುವುದು. ಥೈರಾಯ್ಡ್ ಆಪರೇಷನ್ ಆದವರಿಗೆ ಮರುದಿನ ತುಟಿ ಸುತ್ತ ಜುಮುಜುಮು, ಕೈಬೆರಳು ಸೆಟೆದುಕೊಳ್ಳುವುದು ಆದರೆ ತಡ ಮಾಡದೆ ಹೇಳಿ, ಈ ಗ್ರಂಥಿಗಳಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿದಿರಬಹುದು.

ಇನ್ನೊಂದು ಮೇದೋಜ್ಜೀರಕ ಗ್ರಂಥಿಯೊಳಗಿನ ಲ್ಯಾಂಗರ್‌ಹ್ಯಾನ್ಸ್ ದ್ವೀಪಗಳು. ಸುಮಾರು ಹತ್ತು ಲಕ್ಷ ಪುಟ್ಟ ಗುಂಪುಗಳು. ಎಲ್ಲ ಸೇರಿಸಿದರೂ ಗ್ರಂಥಿಯ ತೂಕದಲ್ಲಿ ನೂರಕ್ಕೆ ಒಂದೆರಡು ಪಾಲು. ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಬರುವುದು ಅಲ್ಲಿಂದ. ರೊಟ್ಟಿಯೋ ಅನ್ನವೋ ಎಂಬ ಜಗಳ ಇಲ್ಲಿ ದಿನವೂ ಇದ್ದದ್ದೇ. "ಜ್ವಾಳದ ರೊಟ್ಟಿ ತಿಂದ್ರ ಶುಗರ್ ಬರಂಗಿಲ್ಲ" ಎಂದು ನಾಲ್ಕು ರೊಟ್ಟಿ ತಿನ್ನುವವರಿದ್ದಾರೆ. ಜೋಳದಲ್ಲೂ ಇರುವುದು ಪಿಷ್ಟವೇ. ನಾರು ಹೆಚ್ಚಿರುವುದರಿಂದ ನಿಧಾನ ಏರುತ್ತದೆ ಅಷ್ಟೆ. ರೊಟ್ಟಿ ಎರಡು ಇರಲಿ, ಪಲ್ಯ, ಹೆಸರುಕಾಳು, ಮೊಸರು ಹೆಚ್ಚಿರಲಿ.

ಇನ್ಸುಲಿನ್ ಎಂದರೆ ಕಡೆಯ ಔಷಧ, ಅದು ಬಂದರೆ ಮುಗಿಯಿತು ಎಂಬ ಹೆದರಿಕೆ ಊರಲ್ಲಿದೆ. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ ಹದಿನಾಲ್ಕರ ಹುಡುಗ ಎಲುಬಿನ ಹಂದರವಾಗಿ ಮಲಗಿದ್ದ. ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬ ಸಂಶೋಧಕರು ನಾಯಿಗಳ ಮೇಲೆ ಪರೀಕ್ಷಿಸಿದ್ದ ಮೇದೋಜ್ಜೀರಕದ ಸಾರವನ್ನು ಅವನಿಗೆ ಚುಚ್ಚಿದರು. ಮೊದಲ ಸೂಜಿ ಅಷ್ಟಾಗಿ ಫಲ ಕೊಡಲಿಲ್ಲ, ಚುಚ್ಚಿದ ಕಡೆ ಬಾವು ಬಂತು. ಕೋಲಿಪ್ ಎಂಬ ರಸಾಯನ ಶಾಸ್ತ್ರಜ್ಞ ಅದನ್ನು ಇನ್ನಷ್ಟು ಶುದ್ಧ ಮಾಡಿಕೊಟ್ಟ ಮೇಲೆ, ಹನ್ನೆರಡು ದಿನದ ನಂತರದ ಸೂಜಿಗೆ ಶುಗರ್ ಇಳಿಯಿತು. ಆ ಹುಡುಗ ಇನ್ನೂ ಹದಿಮೂರು ವರ್ಷ ಬದುಕಿದ. ಅದಕ್ಕೂ ಮುಂಚೆ ಮಕ್ಕಳ ಸಕ್ಕರೆ ಕಾಯಿಲೆ ಎಂದರೆ ಸಾವಿನ ಚೀಟಿ. ಹಾಗಾಗಿ ಮಗುವಿಗೆ ಟೈಪ್ ಒಂದು, ಅಂದರೆ ಮೈಯಲ್ಲಿ ಇನ್ಸುಲಿನ್ನೇ ಹುಟ್ಟದ ಸಕ್ಕರೆ ಕಾಯಿಲೆ, ಎಂದು ಗೊತ್ತಾದ ಮೇಲೆ ಬೇರು, ಕಷಾಯ ಎಂದು ಹೇಳಿ ಸೂಜಿ ಬಿಡಿಸುವವರನ್ನು ಮನೆಯೊಳಗೆ ಬಿಟ್ಟುಕೊಳ್ಳಬೇಡಿ. ಆ ಮಗುವಿಗೆ ಇನ್ಸುಲಿನ್ ಔಷಧವಲ್ಲ, ಅನ್ನದಷ್ಟೇ ಅಗತ್ಯ.

"ಫ್ರಿಡ್ಜ್ ಇಲ್ರಿ, ಈ ಬಿಸಿಲಿಗೆ ಎಲ್ಲಿ ಇಡೋದು?" ಎಂದು ಮಧ್ಯದ ಸಾಲಿನ ಅಣ್ಣನವರು ಕೇಳಿದರು. ಸರಿಯಾದ ಪ್ರಶ್ನೆ. ತೆರೆದ ಬಾಟಲಿ ಮೂವತ್ತು ಡಿಗ್ರಿ ಒಳಗಿದ್ದರೆ ಸುಮಾರು ನಾಲ್ಕು ವಾರ ಕೆಡುವುದಿಲ್ಲ. ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆ ಇಟ್ಟು, ನಡುವೆ ಹಸಿ ಮರಳು ತುಂಬಿ, ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿಡಿ. ಮೇಲೊಂದು ಹಸಿ ಬಟ್ಟೆ. ನಮ್ಮ ಒಣ ಗಾಳಿಗೆ ಮರಳಿನ ನೀರು ಬೇಗ ಆರುತ್ತದೆ, ಒಳಗೆ ತಂಪಾಗುತ್ತದೆ. ಮರಳಿಗೆ ದಿನಕ್ಕೆರಡು ಸಲ ನೀರು ಹಾಕುವುದು ಮರೆಯಬಾರದು. ಫ್ರಿಡ್ಜ್ ಇದ್ದವರು ಫ್ರೀಜರಿನಲ್ಲಿ ಇಡಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿಸಿದರೂ ಕೆಲಸಕ್ಕೆ ಬಾರದು.

ಇಷ್ಟು ಬಿಸಿಲಿದ್ದೂ ನಮಗೆ ಡಿ ವಿಟಮಿನ್ ಯಾಕೆ ಕಡಿಮೆ ಎಂದು ಶಿಕ್ಷಕಿಯೊಬ್ಬರು ಚೀಟಿ ಬರೆದು ಕಳಿಸಿದ್ದಾರೆ. ಅದು ಹೆಸರಿಗೆ ವಿಟಮಿನ್, ಕೆಲಸದಲ್ಲಿ ಹಾರ್ಮೋನೇ. ಚರ್ಮದಲ್ಲಿ ಬಿಸಿಲಿಗೆ ಹುಟ್ಟಿ, ಯಕೃತ್ತಿನಲ್ಲಿ ಒಂದು ಸಲ, ಮೂತ್ರಪಿಂಡದಲ್ಲಿ ಇನ್ನೊಂದು ಸಲ ಬದಲಾಗಿ ಕೆಲಸಕ್ಕೆ ಬರುತ್ತದೆ. ಬಿಸಿಲು ಊರಲ್ಲಿದ್ದರೆ ಸಾಲದು, ಚರ್ಮಕ್ಕೆ ಬೀಳಬೇಕು. ಕ್ಲಾಸ್ ರೂಮಿನ ಕಿಟಕಿ ಗಾಜಿನಿಂದ ಬಂದದ್ದು ಲೆಕ್ಕಕ್ಕಿಲ್ಲ. ನಮ್ಮ ಕಪ್ಪು ಚರ್ಮಕ್ಕೆ ಹೊತ್ತೂ ಹೆಚ್ಚು ಬೇಕು. ನಲವತ್ತೆರಡು ಡಿಗ್ರಿಯಲ್ಲಿ ನಿಂತುಕೊಳ್ಳಿ ಎಂದು ನಾನು ಹೇಳಲಾರೆ. ಬೇಸಿಗೆ ಬಿಟ್ಟು ಉಳಿದ ತಿಂಗಳಲ್ಲಿ ಕೈಕಾಲಿಗೆ ಬಿಸಿಲು ಬೀಳಲಿ. ಬೇಕಿದ್ದರೆ ಪರೀಕ್ಷೆ ಮಾಡಿಸಿ ಮಾತ್ರೆ. ವಾರಕ್ಕೊಂದು ಎಂದು ಬರೆದದ್ದನ್ನು ದಿನಕ್ಕೊಂದು ನುಂಗಿ ಕ್ಯಾಲ್ಸಿಯಂ ಏರಿಸಿಕೊಂಡು ಬಂದವರೂ ಇದ್ದಾರೆ, ಚೀಟಿ ಸರಿಯಾಗಿ ಓದಿಸಿಕೊಳ್ಳಿ.

ಥೈರಾಯ್ಡ್ ಮಾತ್ರೆ ತಿಂದರೂ ಟಿಎಸ್‌ಎಚ್ ಇಳಿದಿಲ್ಲ ಎಂಬ ಪ್ರಶ್ನೆಗೆ ಎಲ್ಲಕ್ಕಿಂತ ಮೊದಲು ಕೇಳುವುದು: ಚಾ ಯಾವಾಗ ಕುಡಿಯುತ್ತೀರಿ? ಮಾತ್ರೆ ಖಾಲಿ ಹೊಟ್ಟೆಗೆ, ನೀರಿನ ಜತೆ. ಚಾ, ನಾಷ್ಟಾ ಅರ್ಧ ಮುಕ್ಕಾಲು ಗಂಟೆ ಬಿಟ್ಟು. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ನಾಲ್ಕು ಗಂಟೆ ಬಿಟ್ಟು. ಬಸುರಿಯರಿಗೆ ಈ ಮೂರೂ ಒಟ್ಟಿಗೆ ಬರೆದಿರುತ್ತಾರೆ, ಅವರು ಒಂದೇ ಗುಕ್ಕಿನಲ್ಲಿ ನುಂಗಿರುತ್ತಾರೆ. ಡೋಸ್ ಬದಲಿಸಿದ ಮೇಲೆ ಆರು ವಾರದೊಳಗೆ ಮತ್ತೆ ಟೆಸ್ಟ್ ಮಾಡಿಸಿದರೆ ದುಡ್ಡು ದಂಡ. ಟಿ4 ರಕ್ತದಲ್ಲಿ ಅರ್ಧವಾಗಲು ಒಂದು ವಾರ ಬೇಕು, ಟಿಎಸ್‌ಎಚ್ ಸ್ಥಿರವಾಗಲು ಅದಕ್ಕೂ ಹೆಚ್ಚು.

ಕೊನೆಯ ಸಾಲಿನ ಹುಡುಗ ಎಲ್ಲರ ಎದುರು ಕೇಳಲು ನಾಚಿ ಚೀಟಿ ಕೊಟ್ಟಿದ್ದಾನೆ. ಜಿಮ್ಮಿನಲ್ಲಿ ಟೆಸ್ಟೊಸ್ಟಿರಾನ್ ಇಂಜೆಕ್ಷನ್ ತಗೋ ಅನ್ನುತ್ತಾರೆ, ತಗೋಬಹುದಾ ಎಂದು. ಬೇಡಪ್ಪಾ. ತೋಳು ದಪ್ಪವಾಗುವುದು ನಿಜ, ಅದರಲ್ಲಿ ಸುಳ್ಳಿಲ್ಲ. ಆದರೆ ಹೊರಗಿನಿಂದ ಬಂದದ್ದನ್ನು ಕಂಡು ಪಿಟ್ಯುಟರಿ ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನು ನಿಲ್ಲಿಸುತ್ತದೆ. ವೃಷಣ ಸಣ್ಣದಾಗುತ್ತದೆ, ವೀರ್ಯಾಣು ಪೂರ್ತಿ ನಿಂತು ಹೋಗಬಹುದು. ಇಂಜೆಕ್ಷನ್ ಬಿಟ್ಟ ಮೇಲೆ ವಾಪಸ್ ಬರಲು ತಿಂಗಳುಗಳು, ಕೆಲವರಿಗೆ ವರ್ಷದ ಮೇಲೆ. ಈಗಾಗಲೇ ಶುರು ಮಾಡಿದ್ದರೆ ಗಾಬರಿಯಾಗಬೇಡ, ಮುಂದಿನ ಸೂಜಿ ಹಾಕಿಸಿಕೊಳ್ಳಬೇಡ. ನಾಳೆ ಬೆಳಿಗ್ಗೆ ಒಪಿಡಿಗೆ ಬಾ, ಏನು ಚುಚ್ಚಿದ್ದಾರೋ ಆ ಬಾಟಲಿ ತಗೊಂಡು ಬಾ. ಹೆಸರು ಹೇಳುವುದು ಬೇಡ, ಚೀಟಿ ನಿನ್ನದೇ ಎಂದರೆ ಸಾಕು.